ಬೂಂದಿಯ ಉಪವಾಸ

ಜನವರಿ 5, ಭಾನುವಾರ

ನಾನು ಶಿವಬಸಮ್ಮ. ಹರಿಹರದ ದಲಾಲಿ ಅಂಗಡಿ ವೀರಭದ್ರಪ್ಪನವರ ಹಿರಿಯ ಮಗಳು, ಪಾತ್ರೆ ಅಂಗಡಿ ಜಯದೇವಪ್ಪನವರ ಹೆಂಡತಿ, ಬನಶಂಕರಿ ಎರಡನೇ ಹಂತದ ಈ ಮನೆಯ ಯಜಮಾನಿ. ಎಸ್ಸೆಸ್ಸೆಲ್ಸಿಯಲ್ಲಿ ಸೆಕೆಂಡ್ ಕ್ಲಾಸು, ಕನ್ನಡದಲ್ಲಿ ಎಪ್ಪತ್ತೆಂಟು. ನಮ್ಮ ಸಮಾಜದ ಶ್ರಾವಣದ ದಾಸೋಹಕ್ಕೆ ಇಪ್ಪತ್ತಾರು ವರ್ಷದಿಂದ ನನ್ನ ಅಳತೆಯೇ ಅಳತೆ. ಐನೂರು ಎಲೆಗೆ ಮಾಡಿದ ಅಡುಗೆ, ಹೇಳದೆ ಕೇಳದೆ ಇನ್ನೈವತ್ತು ಜನ ಬಂದರೂ ಸಾಲಬೇಕು. ಸಾಲಿದೆ. ನನ್ನ ಕೈಯಲ್ಲಿ ಉಂಡವರು ಯಾರೂ ಅರೆಹೊಟ್ಟೆಯಲ್ಲಿ ಎದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಸೊಸೈಟಿಯವರು ಕೊಟ್ಟ ಈ ಡೈರಿಯ ಮೊದಲ ಪುಟದಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಎಂದು ಮೂರು ಗೆರೆ ಎಳೆದಿದ್ದಾರೆ. ನಾನು ಯಾರು ಎಂಬುದು ಅಷ್ಟರಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಬರೆಯುವ ಅಭ್ಯಾಸ ನನಗಿಲ್ಲ. ಬಾಯಿ ಬಿಟ್ಟು ಹೇಳಲಾಗದ ಸಂಗತಿ ಒಂದು ಇವತ್ತು ಬಂದಿದೆ.

ಬೆಳಗ್ಗೆ ಹಾಲ್‌ನ ದೀಪ ಹಾಕಿದಾಗ ಗಾಜಿನ ತೊಟ್ಟಿಯಲ್ಲಿ ಬೂಂದಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬೂಂದಿ ಎಂದರೆ ನಮ್ಮ ಗೋಲ್ಡ್‌ಫಿಶ್. ಬಣ್ಣವೂ ಆಕಾರವೂ ಬೂಂದಿ ಕಾಳಿನಂತೆಯೇ ಇದೆ ಎಂದು ಮೊಮ್ಮಗಳು ಸಿರಿ ಇಟ್ಟ ಹೆಸರು. ಸತ್ತಿದೆ ಎಂದುಕೊಂಡೆ. ಗಾಜು ತಟ್ಟಿದೆ. ಕಿವಿರು ಆಡುತ್ತಿತ್ತು. ನನ್ನನ್ನು ಕಂಡು ಬಾಲ ಬಡಿದು ತಿರುಗಿತು, ಒಂದು ಗೇಣು ಕೆಳಗಿಳಿಯಿತು, ಮತ್ತೆ ಬೆಂಡಿನ ಹಾಗೆ ಮೇಲೆ ಬಂದು ಮಗುಚಿಕೊಂಡಿತು. ಹತ್ತು ಸಲವಾದರೂ ಹಾಗೇ ಮಾಡಿತು. ನೋಡಲಾಗಲಿಲ್ಲ.

ಸಿರಿಗೆ ಒಂಬತ್ತು ವರ್ಷ. ಮಗ ಸುಮನ್, ಸೊಸೆ ಶರ್ವಾಣಿಯ ಜೊತೆ ಇದೇ ಮನೆಯ ಮೊದಲನೇ ಮಹಡಿಯಲ್ಲಿರುತ್ತಾಳೆ. ದೀಪಾವಳಿಯವರೆಗೆ ಮಲಗುವುದು ಮಾತ್ರ ಮೇಲೆ, ಉಣ್ಣುವುದು ಎಲ್ಲರೂ ಕೆಳಗೆ, ನನ್ನ ಒಲೆಯಲ್ಲಿ. ಹಬ್ಬದ ದಿನ ಸಿರಿ ಎರಡು ಹೋಳಿಗೆ ತಿಂದು ಸಾಕು ಎಂದಳು. ಮಕ್ಕಳು ಹಾಗೇ ಅನ್ನುತ್ತಾರೆ. ಮೂರನೆಯದನ್ನು ಹಾಕಿ, ತುಪ್ಪ ಬಿಟ್ಟು, ಪಕ್ಕದಲ್ಲಿ ಕೂತು ತಿನ್ನಿಸಿದೆ. ಮಗು ಎಲೆಯ ಮೇಲೇ ವಾಂತಿ ಮಾಡಿಕೊಂಡಿತು. ಬೀಗರೆಲ್ಲ ಕೂತಿದ್ದ ಪಂಕ್ತಿಯಲ್ಲಿ ಶರ್ವಾಣಿ, "ಅತ್ತೆ, ಅವಳು ಸಾಕು ಅಂದ್ರೆ ಸಾಕು" ಎಂದಳು. ನನ್ನ ಅಡುಗೆಮನೆಯಲ್ಲಿ ನನಗೆ ಬುದ್ಧಿ ಹೇಳುವವಳು ಬೇರೆ ಒಲೆ ಹೂಡಬಹುದು ಎಂದೆ. ಮುಂದಿನ ಸೋಮವಾರವೇ ಹೂಡಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮಾತು ಕೊಟ್ಟ ದಿನಕ್ಕೆ ಕೆಲಸ ಮುಗಿಸುತ್ತಾಳೆ.

ಅಂದಿನಿಂದ ಸಿರಿ ಕೆಳಗೆ ಬರುವುದು ಬೂಂದಿಗಾಗಿ. ಬೆಳಗ್ಗೆ ಸ್ಕೂಲ್ ವ್ಯಾನಿಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ. ಬೂಂದಿ ಹೋದರೆ ಆ ಹದಿನೆಂಟು ಮೆಟ್ಟಿಲು ಇಳಿದು ಬರಲು ಮಗುವಿಗೆ ಬೇರೆ ನೆಪವಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ತೊಟ್ಟಿಯ ಗಾಜಿಗೆ ಶರ್ವಾಣಿ ಚೀಟಿ ಅಂಟಿಸಿದ್ದಾಳೆ: ದಿನಕ್ಕೆ ಎರಡು ಸಲ, ಐದೈದು ಕಾಳು. ಅಂಗಡಿಯಲ್ಲಿ ಸಿಗುವ ಫಿಶ್ ಫುಡ್ಡಿನ ಕಾಳು, ಸಾಸಿವೆಗಿಂತ ಒಂಚೂರು ದಪ್ಪ. ಐದು! ಬಾಗಿಲಿಗೆ ಬಂದ ಜೋಗಪ್ಪನಿಗೂ ಈ ಮನೆಯಲ್ಲಿ ಎಣಿಸಿ ಕೊಟ್ಟಿಲ್ಲ. ಅದಕ್ಕೇ ನಾನು ಲಿಂಗಪೂಜೆ ಮುಗಿಸಿ, ನನ್ನ ಬಾಯಿಗೆ ಏನಾದರೂ ಹಾಕುವ ಮುಂಚೆ, ತಂಗಿ ದಾವಣಗೆರೆಯಿಂದ ಕಳಿಸುವ ಮಂಡಕ್ಕಿಯಲ್ಲಿ ಒಂದು ಸಣ್ಣ ಹಿಡಿ ಅದಕ್ಕೆ ಹಾಕುತ್ತೇನೆ. ನನ್ನ ಹೆಜ್ಜೆ ಸಪ್ಪಳಕ್ಕೇ ಮೇಲೆ ಬಂದು ಬಾಯಿ ತೆರೆಯುತ್ತದೆ. ನೈವೇದ್ಯದ ಮಂಡಕ್ಕಿಯಿಂದ ಯಾರಿಗೂ ಕೆಡುಕಾಗಿಲ್ಲ.

ಸಿರಿ ಬಂದು ನೋಡಿ ಕಿರುಚಿದಳು. "ಅಜ್ಜಿ, ಬೂಂದಿಗೆ ಏನಾಯ್ತು?"

"ನಿನ್ನೆ ನೀನು ಎಷ್ಟು ಕಾಳು ಹಾಕಿದೆ?"

"ಐದೇ."

"ಸರಿಯಾಗಿ ಎಣಿಸಿದ್ಯಾ? ಕೈ ಜಾರಿ ಜಾಸ್ತಿ ಬಿದ್ದಿರುತ್ತೆ ನೋಡು."

ಅವಳ ಮುಖ ಸಣ್ಣದಾಯಿತು. ಕೇಳಬಾರದ್ದೇನೂ ಕೇಳಲಿಲ್ಲ ನಾನು.

ಜನವರಿ 6, ಸೋಮವಾರ

ಇವರನ್ನು ಕರೆದುಕೊಂಡು ತಿಲಕ್ ನಗರಕ್ಕೆ ಹೋದೆ. ಆಟೋದವನಿಗೆ ಮೀನಿನ ಅಂಗಡಿ ಎಂದೆ.

"ಯಾವ ಮೀನಮ್ಮ, ಬಂಗುಡೆನಾ? ಇಷ್ಟೊತ್ತಿಗೆ ಒಳ್ಳೇದು ಖಾಲಿ ಆಗಿರುತ್ತೆ."

ಹಣೆಯ ಮೇಲೆ ಮೂರು ಬೆರಳು ವಿಭೂತಿ ಇರುವವಳಿಗೆ ಕೇಳುವ ಮಾತೇ! ಇವರು ನಕ್ಕು, "ಸಾಕೋ ಮೀನು ಕಣಪ್ಪ, ಸಾರು ಮಾಡೋದಲ್ಲ" ಎಂದರು. ಎಪ್ಪತ್ತೆರಡಾದರೂ ಇವರಿಗೆ ಎಲ್ಲದರಲ್ಲೂ ನಗು.

ಅಂಗಡಿಯವನ ಹೆಸರು ಚಿದಾನಂದ್. ಇವರ ಮೊಬೈಲಿನಲ್ಲಿದ್ದ ಬೂಂದಿಯ ವೀಡಿಯೊ ನೋಡಿ ತಲೆಯಾಡಿಸಿದ.

"ಹೊಟ್ಟೆ ಒಳಗೆ ಒಂದು ಗಾಳಿ ಚೀಲ ಇರುತ್ತೆ ಮೇಡಂ. ಮೇಲೆ ಹೋಗೋದು, ಕೆಳಗೆ ಇಳಿಯೋದು ಎಲ್ಲ ಅದರಿಂದಾನೇ. ಇದಕ್ಕೆ ಹೊಟ್ಟೆ ಬಿಗಿದು ಆ ಚೀಲನ ಒತ್ತಿಬಿಟ್ಟಿದೆ, ಬ್ಯಾಲೆನ್ಸ್ ಹೋಗಿದೆ. ಈ ಗುಂಡು ಮೀನುಗಳಿಗೆ ಕಾಮನ್ನು. ಏನು ಹಾಕ್ತಿದ್ರಿ?"

"ಫಿಶ್ ಫುಡ್ಡು. ದಿನಕ್ಕೆರಡು ಸಲ, ಐದೈದು ಕಾಳು." ಗಾಜಿನ ಮೇಲೆ ಹಾಗೇ ಬರೆದಿದೆ.

"ಬ್ರೆಡ್ಡು, ಅನ್ನ, ಪುರಿ? ಕಲ್ಯಾಣಿ ಮೀನಿಗೆ ಹಾಕ್ದಂಗೆ ಮನೇಲೂ ಪುರಿ ಹಾಕಿಬಿಡ್ತಾರೆ ಜನ. ಅದು ತೇಲುತ್ತಾ, ಮೀನು ಮೇಲೆ ಬಂದು ಗಾಳಿ ಸಮೇತ ನುಂಗುತ್ತೆ. ಒಳಗೆ ಹೋಗಿ ಊದಿಕೊಳ್ಳುತ್ತೆ."

"ಪುರಿ ಹಾಕಿಲ್ಲ" ಎಂದೆ.

ಸುಳ್ಳು ಹೇಳಲಿಲ್ಲ. ಪುರಿ ಅನ್ನುವವರು ಈ ಊರಿನವರು. ನಮ್ಮ ಕಡೆ ಅದು ಮಂಡಕ್ಕಿ. ನಲವತ್ತೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ, ಇವತ್ತಿನವರೆಗೆ ಒಂದು ದಿನವೂ ನನ್ನ ಬಾಯಲ್ಲಿ ಆ ಮಾತು ಬಂದಿಲ್ಲ. ಇವರು ನನ್ನ ಮುಖ ನೋಡಿದರು. ಆಮೇಲೆ ಅಂಗಡಿಯ ಬಣ್ಣದ ಕಲ್ಲುಗಳನ್ನು ನೋಡುತ್ತಾ ನಿಂತರು.

"ಔಷಧಿ ಕೊಡು" ಎಂದೆ.

"ಮೂರು ದಿನ ಏನೂ ಹಾಕ್ಬೇಡಿ. ಅದೇ ಔಷಧಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ನಾಲ್ಕನೇ ದಿನ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಸಾಸಿವೆಯಷ್ಟು ಚೂರು ಕೊಡಿ. ತೊಟ್ಟಿ ನೀರು ಒಂದು ಗೇಣಿಗೆ ಇಳಿಸಿ, ಅದಕ್ಕೆ ಈಜೋ ಕಷ್ಟ ಕಮ್ಮಿ ಆಗುತ್ತೆ. ಹೊಸ ನೀರು ಹಾಕೋದಾದ್ರೆ ಒಂದು ದಿನ ಬಕೆಟ್‌ನಲ್ಲಿಟ್ಟು ಹಾಕಿ, ನಲ್ಲಿಯಿಂದ ಸೀದಾ ಬೇಡ. ಈ ಚಳಿಗೆ ನೀರು ತಣ್ಣಗಾಗದ ಹಾಗೆ ನೋಡ್ಕೊಳ್ಳಿ. ಮೆಡಿಕಲ್ ಶಾಪಲ್ಲಿ ಎಪ್ಸಮ್ ಉಪ್ಪು ಸಿಗುತ್ತೆ, ಬರ್ಕೊಡ್ತೀನಿ, ಎಷ್ಟು ನೀರಿಗೆ ಎಷ್ಟು ಅಂತ."

"ಹಸಿದ ಪ್ರಾಣಿಗೆ ಮೂರು ದಿನ ಅನ್ನ ಹಾಕದೆ ಇರೋದು ಔಷಧಿನಾ? ಯಾರಪ್ಪ ಕಲಿಸಿದ್ದು ನಿನಗೆ?"

"ಅದಕ್ಕೆ ಹಸಿವಿಲ್ಲ ಮೇಡಂ. ಹಸಿದಿದೆ ಅಂತ ನಮಗನ್ಸುತ್ತೆ."

ಚಿಕ್ಕ ವಯಸ್ಸಿನವನು. ಮಾತು ಮಾತ್ರ ದೊಡ್ಡದು.

ಜನವರಿ 7, ಮಂಗಳವಾರ

ಮೊದಲ ದಿನ. ನೀರು ಇಳಿಸಿದೆವು. ಎಪ್ಸಮ್ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಚೀಟಿಯ ಪ್ರಕಾರ ಬೂಂದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಬಿಟ್ಟೆವು. ಬಿಸಿನೀರಿನ ಚೀಲವನ್ನು ತೊಟ್ಟಿಯ ಹೊರಗಾಜಿಗೆ ಒರಗಿಸಿದೆ. ಇವರು, "ನನಗೆ ಮಂಡಿ ನೋವು ಅಂದಾಗ ಈ ಚೀಲ ಸಿಕ್ಕಿರಲಿಲ್ಲ" ಎಂದರು.

ಪೂಜೆ ಮುಗಿಸಿ ಬಂದೆ. ಬೂಂದಿ ಮಗುಚಿಕೊಂಡೇ ನನ್ನ ಕಡೆಗೆ ತೆವಳಿಕೊಂಡು ಬಂತು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ನಾನು ಅಡುಗೆಮನೆಗೆ ಹೋಗಿ ಗೋಡೆ ನೋಡುತ್ತಾ ಕಾಫಿ ಕುಡಿದೆ. ಕಾಫಿ ಕಹಿಯಾಗಿತ್ತು.

ಸಂಜೆ ಸಿರಿ ಹೋಮ್‌ವರ್ಕ್ ಹಿಡಿದು ಬಂದಳು. "ನನ್ನ ಸಾಕುಪ್ರಾಣಿ" ಎಂದು ಹತ್ತು ವಾಕ್ಯ ಬರೆಯಬೇಕಂತೆ.

"ಅಜ್ಜಿ, ಸಾಕುಪ್ರಾಣಿ ಅಂದ್ರೆ ಸಾಕು ಸಾಕು ಅನ್ನೋ ಪ್ರಾಣಿನಾ?"

"ಅಲ್ವೇ, ನಾವು ಸಾಕೋ ಪ್ರಾಣಿ. ಬೆಳೆಸೋದು."

"ಮತ್ತೆ ಸಾಕು ಅಂದ್ರೆ ಇನ್ನು ಬೇಡ ಅಂತ ಅಲ್ವಾ?"

"ಅದು ಬೇರೆ, ಇದು ಬೇರೆ."

"ಒಂದೇ ಸ್ಪೆಲ್ಲಿಂಗು ಅಜ್ಜಿ."

ಕನ್ನಡದಲ್ಲಿ ಎಪ್ಪತ್ತೆಂಟು ತೆಗೆದವಳು ನಾನು. ಬೂಂದಿ ಯಾವತ್ತೂ ಸಾಕು ಅನ್ನೋದಿಲ್ಲ ಬಿಡು ಎಂದೆ. ಅವಳು ಅದನ್ನೇ ಬರೆದುಕೊಂಡಳು: ನನ್ನ ಮೀನು ಸಾಕು ಎಂದು ಹೇಳುವುದಿಲ್ಲ. ಆಮೇಲೆ ಪೆನ್ಸಿಲ್ ಕಚ್ಚುತ್ತಾ, "ಅದಕ್ಕೇ ನಾವೇ ಸರಿಯಾಗಿ ಎಣಿಸ್ಬೇಕಿತ್ತು" ಎಂದಳು.

ನಾವು ಎಂದಳು. ತಾನು ಎಂದೇ ಅವಳ ಮನಸ್ಸಿನಲ್ಲಿ.

ಜನವರಿ 8, ಬುಧವಾರ

ಕೊಟ್ಟೆ. ನಾಲ್ಕೇ ನಾಲ್ಕು ಮಂಡಕ್ಕಿ.

ಬಾಯಿ ತೆರೆದುಕೊಂಡು ನೋಡುತ್ತಿದ್ದರೆ ಯಾವ ಹೆಂಗಸಿಗೆ ಆಗುತ್ತದೆ. ನಾಲ್ಕು ಏನು ಮಹಾ.

ಜನವರಿ 9, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೂಂದಿ ಪೂರ್ತಿ ಪಕ್ಕಕ್ಕೆ ಮಲಗಿದೆ. ಹೊಟ್ಟೆ ಗೋಲಿಯಂತೆ ಬಿಗಿದಿದೆ. ಒಂದು ಪಾರ್ಶ್ವ ನೀರಿನಿಂದ ಹೊರಗಿದ್ದು ಅಲ್ಲಿ ಕೆಂಪಗೆ ಕಲೆಯಾಗಿದೆ. ಬಾಲ ಬಡಿಯುವುದನ್ನೂ ಬಿಟ್ಟಿದೆ. ಕಿವಿರು ಒಮ್ಮೆ ಆಡಿದರೆ ಮತ್ತೆ ಆಡುವವರೆಗೆ ನನ್ನ ಉಸಿರು ನಿಂತಿರುತ್ತದೆ.

ಇವರು ಚಿದಾನಂದನಿಗೆ ಫೋನು ಮಾಡಿದರು. "ಮಧ್ಯೆ ಏನಾದ್ರೂ ಕೊಟ್ರಾ ಸಾರ್?" ಎಂದು ಅವನು ಕೇಳಿದ್ದು ಸ್ಪೀಕರಿನಲ್ಲಿ ಇಡೀ ಹಾಲಿಗೆ ಕೇಳಿತು. ಇವರು, "ನೋಡ್ತೀನಪ್ಪ" ಎಂದು ಇಟ್ಟರು. ಆಮೇಲೆ ಪಂಚೆ ಮೇಲೆ ಕಟ್ಟಿಕೊಂಡು ತೊಟ್ಟಿಯ ಫಿಲ್ಟರ್ ಬಿಚ್ಚಿ ಒಳಗಿನ ಸ್ಪಂಜು ಹಿಂಡಿದರು. ಬಿಳಿ ಬಿಳಿಯಾಗಿ, ಅಂಟು ಅಂಟಾಗಿ, ವಾರಗಟ್ಟಲೆ ಕೂತಿದ್ದ ಮಂಡಕ್ಕಿ. ಅದನ್ನು ಒಂದು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

"ನಿನ್ನ ಕೈಯಿಂದ ತಪ್ಪಿಸಿಕೊಂಡವರು ಯಾರಿದ್ದಾರೆ ಹೇಳು" ಎಂದು ತಮ್ಮ ಹೊಟ್ಟೆ ಸವರಿಕೊಂಡರು. "ನಾನು ಮನುಷ್ಯ, ನಡೆದು ಅರಗಿಸಿಕೊಂಡೆ. ಅದು ಎಲ್ಲಿಗೆ ಹೋಗುತ್ತೆ, ಮೂರಡಿ ಗಾಜು."

ಸಂಜೆ ಶರ್ವಾಣಿ ಬಂದಳು. ದೀಪಾವಳಿಯ ನಂತರ ಮೊದಲ ಸಲ ನನ್ನ ಹೊಸ್ತಿಲು ದಾಟಿದ್ದು. ಕೂರಲಿಲ್ಲ.

"ಸಿರಿ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅತ್ತೆ. ಬೂಂದಿಗೆ ನಾನೇ ಜಾಸ್ತಿ ಹಾಕಿ ಹಿಂಗಾಯ್ತು ಅಂತ ಅಳ್ತಾಳೆ. ಅವಳು ಐದೇ ಹಾಕೋದು, ನಾನು ನೋಡಿದೀನಿ. ನೀವು ಏನಾದ್ರೂ ಅಂದ್ರಾ ಅವಳಿಗೆ?"

ಮಂಡಕ್ಕಿಯ ತಟ್ಟೆ ಕಿಟಕಿಯ ಕಟ್ಟೆಯ ಮೇಲೇ ಇತ್ತು. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಮೀನಿಗೆ ಬಂದ ಕಾಯಿಲೆಗೆ ಯಾರನ್ನೂ ಅನ್ನೋಕಾಗಲ್ಲ" ಎಂದೆ.

ಅವಳು ಸರಿ ಅತ್ತೆ ಎಂದು ಹೋದಳು.

ಮೂರು ದಿನ ಮತ್ತೆ ಒಂದರಿಂದ ಶುರು. ಈ ಸಲ ಅದರ ಜೊತೆ ನಾನೂ. ಹಸಿದಿರುವವರನ್ನು ಮುಂದಿಟ್ಟುಕೊಂಡು ಉಂಡು ಗೊತ್ತಿಲ್ಲ ನನಗೆ. ಉಣ್ಣದೇ ಇದ್ದರೆ ಕೊಡುವ ಆಸೆಯಾದರೂ ಆಗುವುದಿಲ್ಲ.

ಜನವರಿ 10, ಶುಕ್ರವಾರ

ಎರಡನೇ ದಿನ. ಇಬ್ಬರಿಗೂ. ನೀರು ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. ನನಗೆ ಹಸಿವಿಲ್ಲ ಎಂದು ಇವರಿಗೆ ಹೇಳಿದೆ. ನಂಬಲಿಲ್ಲ.

ಕೆಂಪು ಕಲೆ ಹಾಗೇ ಇದೆ.

ಜನವರಿ 11, ಶನಿವಾರ

ಬೆಳಗ್ಗೆ ಬೂಂದಿ ತೊಟ್ಟಿಯ ಮೂಲೆಗೆ ಒತ್ತಿಕೊಂಡು ಅಲುಗಾಡದೆ ಇತ್ತು. ಕಿವಿರು ಕಾಣಲಿಲ್ಲ. ಬಳೆ ಹಿಂದಕ್ಕೆ ಸರಿಸಿ ನೀರಿಗೆ ಕೈ ಹಾಕಿ, ನೀರಿನೊಳಗೇ ಅಂಗೈ ಕೆಳಗಿಟ್ಟು ಎತ್ತಿ ಹಿಡಿದೆ. ಮೀನನ್ನು ಮುಟ್ಟಿದ್ದು ಹುಟ್ಟಿದಾರಭ್ಯ ಇದೇ ಮೊದಲು. ಅಸಹ್ಯವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಸಿರಿ ಹುಟ್ಟಿದ ಹೊಸತರಲ್ಲಿ ಎಣ್ಣೆ ನೀರು ಎರೆಯಲು ಕಾಲ ಮೇಲೆ ಮಲಗಿಸಿಕೊಂಡಾಗ ಅಂಗೈ ಕೆಳಗೆ ಹೀಗೇ ಏನೋ ಒಂದು ಬಡಿದುಕೊಳ್ಳುತ್ತಿತ್ತು. ಇದರಲ್ಲೂ ಬಡಿದುಕೊಳ್ಳುತ್ತಿತ್ತು. ಸಣ್ಣಗೆ. ಕಾಲು ಮರಗಟ್ಟುವವರೆಗೆ ಹಾಗೇ ನಿಂತಿದ್ದೆ. ಕೈ ತೆಗೆದರೆ ಮುಗಿಯಿತು ಎಂದು ಅನಿಸಿತ್ತು.

ಬೇಡಿಕೊಳ್ಳುವುದು ನನಗೆ ಬಾರದು. ದೇವರಿಗೂ ನಾನು ಕೊಟ್ಟವಳೇ ಹೊರತು ಕೇಳಿದವಳಲ್ಲ. ಇವತ್ತು ಪೂಜೆಗೆ ಕೂತಾಗ ಅಂಗೈಯ ಮೇಲಿನ ಲಿಂಗ ನೋಡುತ್ತಾ ಕೇಳಿದೆ. ಏನು ಕೇಳಿದೆ ಎಂದು ಬರೆಯುವುದಿಲ್ಲ. ಮೀನಿನ ಪ್ರಾಣವೊಂದನ್ನೇ ಕೇಳಲಿಲ್ಲ.

ಸಿರಿಗೆ ಇವತ್ತು ರಜೆ. ನಾನು ಪೂಜೆಯ ಕೋಣೆಯಲ್ಲಿರುವುದು ತಿಳಿಯದೆ ಬಂದು ತೊಟ್ಟಿಯ ಮುಂದೆ ಮಂಡಿಯೂರಿದಳು. ಬಾಗಿಲ ಸಂದಿಯಿಂದ ಅವಳ ಜಡೆ ಮಾತ್ರ ಕಾಣುತ್ತಿತ್ತು.

"ಸಾರಿ ಬೂಂದಿ" ಎಂದಳು. "ಐದೇ ಅಂತ ಅಂದ್ಕೊಂಡಿದ್ದೆ. ಆರೋ ಏಳೋ ಬಿದ್ದಿರ್ಬೇಕು. ನಂಗೆ ಎಣಿಸೋಕೇ ಬರಲ್ಲ ಅನ್ಸುತ್ತೆ."

ಗಣಿತದಲ್ಲಿ ಕ್ಲಾಸಿಗೇ ಮೊದಲು ಬರುವ ಮಗು. ಐದು ಕಾಳನ್ನು ಐದು ಎಂದು ಎಣಿಸಿದ ಮಗು.

ಪೂಜೆ ಮುಗಿದಿತ್ತು. ಮುಗಿಸದವಳ ಹಾಗೆ ಕೂತೆ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಐನೂರು ಜನರ ಮುಂದೆ ಮೈಕು ಹಿಡಿದು ಮಾತಾಡಿದವಳಿಗೆ ಎದ್ದು ಹೋಗಲು ಆಗಲಿಲ್ಲ. ಹೇಳಿದ ಮೇಲೆ ಅವಳು ನನ್ನನ್ನು ನೋಡುವ ರೀತಿ ಹೇಗಿರುತ್ತದೆ? ಬೂಂದಿ ಬದುಕಿದರೂ ಆಮೇಲೆ ಅವಳು ಕೆಳಗೆ ಬರುತ್ತಾಳೆಯೇ?

ಅವಳು ಹೋದ ಮೇಲೆ ಹೊರಗೆ ಬಂದೆ. ಗಾಜಿನ ಮೇಲೆ ಅವಳ ಮೂಗಿನ ಗುರುತಿತ್ತು. ಒರೆಸಲಿಲ್ಲ.

ಜನವರಿ 12, ಭಾನುವಾರ

ಬದುಕಿದೆ.

ಬಟಾಣಿ ಬೇಯಿಸಿದೆ. ಸಂಕ್ರಾಂತಿ, ಅವರೆ ಸೊಗಡಿನ ಕಾಲ, ಮನೆಯಲ್ಲಿ ಹಿತಕಬೇಳೆಗೆ ನೆನೆಸಿದ ಅವರೆಕಾಳೂ ಇತ್ತು. ಈ ಊರಿಗೆ ಬಂದು ನಾನು ಕಲಿತ ವಿದ್ಯೆ ಅದೊಂದೇ, ಎರಡು ಬೆರಳಲ್ಲಿ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಹೋಗಬೇಕು. ಸೇರುಗಟ್ಟಲೆ ಹಿತಕಿದ ಈ ಬೆರಳುಗಳಿಗೆ ಇವತ್ತು ಒಂದು ಬಟಾಣಿ ಹಿತಕಲು ಆಗಲಿಲ್ಲ. ಕಟ್ಟೆ ಹಿಡಿದುಕೊಂಡೆ. ಕಣ್ಣು ಕತ್ತಲಾಯಿತು.

ಸಿರಿ ಅಲ್ಲೇ ಇದ್ದಳು. "ಅಮ್ಮಾ, ಅಜ್ಜಿ ಬೀಳ್ತಿದೆ" ಎಂದು ಕೂಗುತ್ತಾ ಮೆಟ್ಟಿಲು ಹತ್ತಿದ್ದು ಕೇಳಿತು.

ಶರ್ವಾಣಿ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. "ಯಾವಾಗಿಂದ ಊಟ ಮಾಡಿಲ್ಲ ನೀವು?" ಎಂದು ಕೇಳಿದ್ದು ನನ್ನನ್ನಲ್ಲ, ಇವರನ್ನು. ಇವರು ಮೂರು ಬೆರಳು ತೋರಿಸಿದರು, "ಮೀನಿನ ಜೊತೆ ಪಂದ್ಯ ಕಟ್ಟಿದ್ದಾಳೆ" ಎಂದು ಸೇರಿಸಿದರು. ಶರ್ವಾಣಿ ನನ್ನ ಕೈಯಲ್ಲಿದ್ದ ಬಟಾಣಿ ತೆಗೆದುಕೊಂಡು ಸಿಪ್ಪೆ ಬಿಡಿಸಿ ನುಣ್ಣಗೆ ನುರಿದು ಸಿರಿಯ ಅಂಗೈಗೆ ಹಾಕಿದಳು.

ಬೂಂದಿ ಮೊದಲ ಚೂರನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ಮತ್ತೆ ತೆಗೆದುಕೊಂಡು ಉಗುಳಿತು. ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಮೂರನೇ ಸಲ ಉಗುಳಲಿಲ್ಲ.

ಆಮೇಲೆ ಶರ್ವಾಣಿ ಮೇಲಿನಿಂದ ಅನ್ನ, ಹಿತಕಬೇಳೆ ಸಾರು ತಂದಳು. ಬೇರೆ ಒಲೆಯ ಅಡುಗೆ. ಬೇಡ ಎನ್ನುವ ಶಕ್ತಿ ಇರಲಿಲ್ಲ.

"ಎಷ್ಟು ಹಾಕ್ಲಿ ಅತ್ತೆ?"

ಇದೆಂಥ ಪ್ರಶ್ನೆ. ನಮ್ಮಲ್ಲಿ ಬಡಿಸುವವರು ಕೇಳುವುದಿಲ್ಲ. ಉಣ್ಣುವವರು ಎಲೆಗೆ ಅಡ್ಡ ಕೈ ಹಿಡಿಯಬೇಕು, ಹಿಡಿದ ಮೇಲೂ ಬೆರಳ ಸಂದಿಯಲ್ಲಿ ಒಂದು ಸೌಟು ಬೀಳಬೇಕು. ಅದು ಮರ್ಯಾದೆ. ಇವಳು ಸೌಟು ಹಿಡಿದು ನನ್ನ ಬಾಯಿ ನೋಡುತ್ತಿದ್ದಾಳೆ.

ಸಾಕು ಎಂದೆ. ಸೌಟು ಅಲ್ಲೇ ನಿಂತಿತು. ಇನ್ನೊಂದು ಸಲ ಕೇಳಬಹುದು ಎಂದು ಕಾದೆ. ಕೇಳಲಿಲ್ಲ. ಸಿಟ್ಟು ಬಂತು. ಉಂಡು ಮುಗಿಸಿದಾಗ ಹೊಟ್ಟೆ ಸರಿಯಾಗಿ ತುಂಬಿತ್ತು, ಭಾರವಾಗಿರಲಿಲ್ಲ. ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ.

ತಟ್ಟೆ ತೆಗೆಯುವಾಗ ಅವಳ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ಹೋಯಿತು. ಮಂಡಕ್ಕಿ ಒಣಗಿ ತಟ್ಟೆಗೆ ಅಂಟಿಕೊಂಡಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಸಿರಿ ಪಕ್ಕದಲ್ಲೇ ಇದ್ದಳು. ಶರ್ವಾಣಿ ಬಾಯಿ ಬಿಡಲಿಲ್ಲ. ನನ್ನ ಮಾತನ್ನು ನನಗೇ ಬಿಟ್ಟು ಹೋದಳು.

ಜನವರಿ 13, ಸೋಮವಾರ

ಬೂಂದಿ ನೆಟ್ಟಗಾಗಿದೆ. ಪೂರ್ತಿ ಅಲ್ಲ, ಎಡಕ್ಕೆ ಓರೆ. ಇಳಿದರೆ ಒಂದಷ್ಟು ಹೊತ್ತು ಕೆಳಗೇ ಇರುತ್ತದೆ. ಇನ್ನೊಮ್ಮೆ ಹೊಟ್ಟೆ ಬಿಗಿದರೆ ಕಷ್ಟ, ಉಳಿಯುವುದಿಲ್ಲ ಎಂದು ಚಿದಾನಂದ್ ಫೋನಿನಲ್ಲಿ ಹೇಳಿದ.

ಬೆಳಗ್ಗೆ ಪೂಜೆ ಮುಗಿಸಿ ಎದ್ದೆ. ನನ್ನ ಹೆಜ್ಜೆಗೆ ಅದು ಓರೆಯಾಗಿಯೇ ಮೇಲೆ ಬಂದು ಬಾಯಿ ತೆರೆಯಿತು. ಏನೋ ತಣ್ಣಗೆ ತಗುಲಿದಂತಾಗಿ ಕೆಳಗೆ ನೋಡಿದರೆ ನನ್ನ ಕೈ ಮಂಡಕ್ಕಿ ಡಬ್ಬಿಯ ಒಳಗಿತ್ತು. ನಾನು ಹಾಕಿರಲಿಲ್ಲ. ಅದೇ ಹೋಗಿತ್ತು.

ಹಿಡಿ ತುಂಬಿತ್ತು. ಡಬ್ಬಿಗೇ ಸುರಿದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಬೂಂದಿಯನ್ನು ಮೇಲಕ್ಕೆ ಕಳಿಸಿಬಿಟ್ಟೆ.

ಬೆಳಗ್ಗೆ ಹೇಳಿದಾಗ ಇವರು, "ಯೋಚನೆ ಮಾಡಿದ್ದೀಯಾ? ಮೇಲೆ ಹೋದರೆ ಅವಳು ಕೆಳಗೆ ಯಾಕೆ ಬರ್ತಾಳೆ?" ಎಂದರು. ಇವರಿಗೆ ಅದು ಯಾವಾಗ ಗೊತ್ತಾಯಿತೋ. ಯೋಚನೆ ಮಾಡಿದ್ದೇನೆ, ತೊಟ್ಟಿ ಎತ್ತಿ ಎಂದೆ.

ತೊಟ್ಟಿಯನ್ನು ಸುಮನ್ ಮತ್ತು ಇವರು ಹೊತ್ತರು. "ಹಬ್ಬದ ದಿನ ಎಲ್ಲರ ಮನೇಲಿ ಎಳ್ಳು ಬೆಲ್ಲ ಹಂಚ್ತಾರೆ, ನಮ್ಮಮ್ಮ ಮೀನು ಹಂಚ್ತಾಳೆ" ಎಂದು ಸುಮನ್ ಗೊಣಗಿದ. ಬೂಂದಿಯನ್ನು ನಾನೇ ಒಂದು ಸ್ಟೀಲ್ ಡಬರಿಯಲ್ಲಿ ಅದೇ ನೀರಿನ ಸಮೇತ ಎತ್ತಿಕೊಂಡೆ. ಹದಿನೆಂಟು ಮೆಟ್ಟಿಲು. ಒಂದು ಹನಿ ಚೆಲ್ಲಲಿಲ್ಲ.

ಶರ್ವಾಣಿಯ ಒಲೆ ನೋಡಿದೆ. ಚೊಕ್ಕಟವಾಗಿಟ್ಟಿದ್ದಾಳೆ.

ತೊಟ್ಟಿ ಜೋಡಿಸಿ ಬೂಂದಿಯನ್ನು ಬಿಟ್ಟ ಮೇಲೆ ಸಿರಿಯನ್ನು ಕರೆದೆ. ಎಲ್ಲರೂ ಅಲ್ಲೇ ನಿಂತಿದ್ದರು. ನಿಂತಿರಲಿ ಎಂದುಕೊಂಡೆ.

"ಸಿರಿ, ಅವತ್ತು ನೀನು ಐದೇ ಹಾಕಿದ್ದು. ಪುರಿ ಹಾಕಿದ್ದು ನಾನು. ದಿನಾ ಹಾಕ್ತಿದ್ದೆ. ಅದರಿಂದಲೇ ಬೂಂದಿಗೆ ಹೀಗಾಗಿದ್ದು."

"ಪುರಿನಾ? ನೀನು ಮಂಡಕ್ಕಿ ಅಲ್ವಾ ಅಜ್ಜಿ ಅನ್ನೋದು?"

"ಎರಡೂ ಒಂದೇ."

ಅವಳು ಮೊದಲು ಅಮ್ಮನ ಕಡೆ ತಿರುಗಿದಳು. "ನೋಡಿದ್ಯಾ, ನಾನು ಐದೇ ಹಾಕಿದ್ದೆ." ಆಮೇಲೆ ನನ್ನ ಕಡೆ. "ಮತ್ತೆ ಯಾಕೆ ಸುಳ್ಳು ಹೇಳ್ದೆ?"

ಸುಳ್ಳು ಹೇಳಲಿಲ್ಲ ಎನ್ನಲು ಬಾಯಿ ತೆರೆದೆ. ಇವರು ಸೀಲಿಂಗ್ ನೋಡುತ್ತಿದ್ದರು.

"ಹೇಳಿದೆ. ತಪ್ಪಾಯ್ತು" ಎಂದೆ.

ಸಿರಿ ಹೋಗಿ ತೊಟ್ಟಿಯ ಮುಂದೆ ಕೂತು ನನಗೆ ಬೆನ್ನು ಹಾಕಿದಳು. ನನಗೆ ಬರಬೇಕಾದದ್ದೇ. ಶರ್ವಾಣಿ ಎಳ್ಳು ಬೆಲ್ಲದ ತಟ್ಟೆ ತಂದು, "ಕೂತ್ಕೊಳ್ಳಿ ಅತ್ತೆ" ಎಂದಳು. ನಿಂತೇ ತೆಗೆದುಕೊಂಡೆ. ಹೊರಡಲು ಬಾಗಿಲ ಹತ್ತಿರ ಬಂದಿದ್ದೆ.

"ಅಜ್ಜಿ, ಬಾ. ಬೂಂದಿಗೆ ಬಟಾಣಿ ಟೈಮು."

ಮುಖ ಇನ್ನೂ ಬಿಗಿದೇ ಇತ್ತು. ನುರಿದ ಬಟಾಣಿಯ ಬಟ್ಟಲಿನಿಂದ ನನ್ನ ಅಂಗೈ ಮೇಲೆ ಒಂದೊಂದೇ ಚೂರು ಇಟ್ಟು ಜೋರಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. "ಐದೇ" ಎಂದು ಬೆರಳು ಎತ್ತಿ ತೋರಿಸಿದಳು. ನಾನು ಶ್ರಾವಣದಲ್ಲಿ ಬಡಿಸುವವರಿಗೆ ತೋರಿಸುವ ಬೆರಳು ಅದು.

ಐದೇ ಹಾಕಿದೆ. ಬೂಂದಿ ಓರೆಯಾಗಿ ಬಂದು ಐದನ್ನೂ ತಿಂದು ಇನ್ನೂ ಬೇಕೆಂದು ಬಾಯಿ ತೆರೆಯಿತು.

ಆರನೆಯ ಚೂರೊಂದು ನನ್ನ ಉಂಗುರದ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ನಾನು ತಿಂದೆ.